ಸ್ಪಾರ್ಕ್ ಗ್ಯಾಪ್ ಹತ್ತು ಸೆಕೆಂಡ್ ಚೆನ್ನಾಗಿರುತ್ತದೆ, ಆಮೇಲೆ ಸೊರಗುತ್ತದೆ. ಯಾಕೆ?

ತಾಮ್ರತಂತಿ

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಟೆಸ್ಲಾ ಕಾಯಿಲ್, ಅಂದರೆ ತುಂಬಿದ ಕೆಪಾಸಿಟರನ್ನು ಸ್ಪಾರ್ಕ್ ಗ್ಯಾಪ್ ಮೂಲಕ ಪ್ರೈಮರಿ ಸುರುಳಿಗೆ ಸುರಿದು, ಸೆಕೆಂಡರಿ ಸುರುಳಿಯ ಮೇಲ್ತುದಿಯಿಂದ ಉದ್ದ ಕಿಡಿ ಹಾರಿಸುವ ಯಂತ್ರ. ವಿವರ ಮೊದಲೇ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ನೀವು ಕೇಳಿಯೇ ಕೇಳುತ್ತೀರಿ.

ನಿಯಾನ್ ಬೋರ್ಡಿನ ಹಳೆಯ ಟ್ರಾನ್ಸ್‌ಫಾರ್ಮರ್: 15 ಕಿಲೋವೋಲ್ಟ್, 30 ಮಿಲಿಆಂಪ್, 50 ಹರ್ಟ್ಸ್. ಕಬ್ಬಿಣದ ಕೋರ್ ಇರುವ ಭಾರದ್ದು, ಎಲೆಕ್ಟ್ರಾನಿಕ್ ಅಲ್ಲ. 0.15 ಮೈಕ್ರೋಫ್ಯಾರಡ್, 2000 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ 15 ತೆಗೆದುಕೊಂಡು ಸರಣಿಯಲ್ಲಿ ಜೋಡಿಸಿದ್ದೇನೆ. ಒಟ್ಟು 10 ನ್ಯಾನೋಫ್ಯಾರಡ್. ಪ್ರತಿಯೊಂದರ ಮೇಲೂ 10 ಮೆಗಾಓಮ್ ರೆಸಿಸ್ಟರ್ ಇದೆ. ಕಾಯಿಲ್ 200 ಕಿಲೋಹರ್ಟ್ಸ್ ಹತ್ತಿರ ಟ್ಯೂನ್ ಆಗಿದೆ. ಸ್ಪಾರ್ಕ್ ಗ್ಯಾಪ್ ಅಂದರೆ ಎದುರುಬದುರು ನಿಲ್ಲಿಸಿದ ಎರಡು ಗುಂಡುತಲೆ ಹಿತ್ತಾಳೆ ಬೋಲ್ಟ್, ಅಷ್ಟೇ. ನಡುವೆ ಸುಮಾರು 6 ಮಿಲಿಮೀಟರ್.

ಸ್ವಿಚ್ ಹಾಕಿದ ತಕ್ಷಣ ಚಟಚಟ ಅಂತ ಜೋರು ಸದ್ದು. ಮೇಲಿನ ಉಂಗುರದಿಂದ 40 ಸೆಂಟಿಮೀಟರ್ ಉದ್ದದ ಕಿಡಿ. ಹತ್ತು ಸೆಕೆಂಡ್ ಆದ ಮೇಲೆ ಸದ್ದು ಬದಲಾಗುತ್ತದೆ. ಚಟಚಟ ಹೋಗಿ ಬುಸ್ ಅನ್ನುತ್ತದೆ. ಗ್ಯಾಪಿನ ಬೆಳಕು ನೀಲಿ-ಬಿಳಿ ಇದ್ದದ್ದು ಹಳದಿಗೆ ತಿರುಗುತ್ತದೆ. ಮೇಲಿನ ಕಿಡಿ 15 ಸೆಂಟಿಮೀಟರಿಗೆ ಇಳಿಯುತ್ತದೆ. ಆಫ್ ಮಾಡಿ ಐದು ನಿಮಿಷ ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಟ್ರಾನ್ಸ್‌ಫಾರ್ಮರ್ ಸುಸ್ತಾಗುತ್ತಿದೆಯಾ?

ಹಳೆರೇಡಿಯೋ

ಟ್ರಾನ್ಸ್‌ಫಾರ್ಮರ್ ಅಲ್ಲ. ಬೋಲ್ಟ್ ಕಾಯುತ್ತಿದೆ. ನಿಮ್ಮ ಕಿವಿ ಸರಿಯಾಗಿಯೇ ಪತ್ತೆ ಮಾಡಿದೆ: ಚಟಚಟ ಅಂದರೆ ಗ್ಯಾಪ್ ಕೆಲಸ ಮಾಡುತ್ತಿದೆ, ಬುಸ್ ಅಂದರೆ ಮಾಡುತ್ತಿಲ್ಲ.

ಹೊಸಬರೆಲ್ಲ ಸ್ಪಾರ್ಕ್ ಗ್ಯಾಪನ್ನು ಕಿಡಿ ಹೊತ್ತಿಸುವ ಸ್ವಿಚ್ ಅಂದುಕೊಳ್ಳುತ್ತಾರೆ. ಹೊತ್ತಿಕೊಳ್ಳುವುದು ಅದಕ್ಕೆ ಏನೂ ಕಷ್ಟವಲ್ಲ, ವೋಲ್ಟೇಜ್ ಸಾಕಷ್ಟು ಏರಿದರೆ ಗಾಳಿ ತಾನಾಗಿ ಒಡೆಯುತ್ತದೆ. ಅದಕ್ಕೆ ಕಷ್ಟದ ಕೆಲಸ ಆರುವುದು. ಅದೂ ಸರಿಯಾದ ಹೊತ್ತಿಗೆ, ಪೂರ್ತಿಯಾಗಿ.

ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ 15 ಕಿಲೋವೋಲ್ಟ್ ಆರ್‌ಎಂಎಸ್ ಮೌಲ್ಯ, ಅಂದರೆ ಏರಿಳಿಯುವ ವೋಲ್ಟೇಜಿನ ಒಂದು ಬಗೆಯ ಸರಾಸರಿ. ಅದರ ತುದಿ 21.2 ಕಿಲೋವೋಲ್ಟ್. ಅಷ್ಟಕ್ಕೆ ಚಾರ್ಜ್ ಆದ 10 ನ್ಯಾನೋಫ್ಯಾರಡಿನಲ್ಲಿ ಸುಮಾರು 2.25 ಜೌಲ್ ಇರುತ್ತದೆ. 200 ಕಿಲೋಹರ್ಟ್ಸ್‌ಗೆ ಪ್ರೈಮರಿ ಇಂಡಕ್ಟೆನ್ಸ್ 63 ಮೈಕ್ರೋಹೆನ್ರಿ ಆಗಬೇಕು. ಆಗ ಪ್ರೈಮರಿ ಸರ್ಕ್ಯೂಟಿನ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 80 ಓಮ್. ಅಂದರೆ ಗ್ಯಾಪ್ ಹೊತ್ತಿದ ಕ್ಷಣದಲ್ಲಿ ಅದರೊಳಗೆ ಹರಿಯುವುದು 260 ಆಂಪಿಗಿಂತ ಜಾಸ್ತಿ! ಟ್ರಾನ್ಸ್‌ಫಾರ್ಮರ್ ಕೊಡುವುದು 30 ಮಿಲಿಆಂಪ್. ನಿಮ್ಮ ಪುಟ್ಟ ಬೋಲ್ಟ್ ತಲೆಯ ಮೇಲೆ ಪ್ರತಿ ಸೆಕೆಂಡಿಗೆ ನೂರು ಸಲವೋ ಇನ್ನೂ ಹೆಚ್ಚೋ ಇಷ್ಟು ಕರೆಂಟ್ ಬಡಿಯುತ್ತಿದೆ.

ಲೋಹ ಕಾದರೆ ಅದರ ಮುಂದಿನ ಗಾಳಿಯೂ ಕಾಯುತ್ತದೆ. ಬಿಸಿ ಗಾಳಿ ತೆಳು, ಬೇಗ ಒಡೆಯುತ್ತದೆ. ಜೊತೆಗೆ ಹಿಂದಿನ ಕಿಡಿಯ ಅಯಾನುಗಳು ಇನ್ನೂ ಅಲ್ಲೇ ತೇಲುತ್ತಿರುತ್ತವೆ. ಹಾಗಾಗಿ ಕೆಪಾಸಿಟರ್ 21 ಕಿಲೋವೋಲ್ಟ್ ತಲುಪುವ ಮೊದಲೇ, 8ಕ್ಕೋ 10ಕ್ಕೋ ಗ್ಯಾಪ್ ಹೊತ್ತಿಬಿಡುತ್ತದೆ. ವೋಲ್ಟೇಜ್ ಅರ್ಧವಾದರೆ ಒಂದು ಏಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಏಟುಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರಲ್ಲೂ ಜೀವ ಇರುವುದಿಲ್ಲ. ನಿಮಗೆ ಕೇಳಿಸುವ ಬುಸ್ ಅದೇ.

ಗುಡುಗುಪ್ರಿಯ

ಸುಮ್ನೆ ಇಷ್ಟೆಲ್ಲ ಯಾಕೆ? ಡ್ರಿಲ್ ಮೋಟಾರಿಗೆ ಒಂದು ತಟ್ಟೆ ಕಟ್ಟಿ, ಅಂಚಿನಲ್ಲಿ ನಾಲ್ಕೈದು ಬೋಲ್ಟ್ ಚುಚ್ಚಿ ತಿರುಗಿಸಿ. ರೋಟರಿ ಗ್ಯಾಪ್ ರೆಡಿ. ಬಿಸಿ ಆಗುವುದಿಲ್ಲ, ಆರುವುದೂ ಗ್ಯಾರಂಟಿ.

ಹಳೆರೇಡಿಯೋ

ದಯವಿಟ್ಟು ಬೇಡ. ಹೀಗೇ ಮಾಡಿ ಒಂದು ಒಳ್ಳೆಯ ನಿಯಾನ್ ಟ್ರಾನ್ಸ್‌ಫಾರ್ಮರನ್ನು ನಾನೇ ಸುಟ್ಟಿದ್ದೇನೆ. ಒಳಗಿನ ಟಾರು ಕರಗಿ ಕೆಳಗೆ ತೊಟ್ಟಿಕ್ಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಕಾರಣ ಹೀಗೆ. ನಿಯಾನ್ ಟ್ರಾನ್ಸ್‌ಫಾರ್ಮರಿನಲ್ಲಿ ಕರೆಂಟ್ ಮಿತಿಯಲ್ಲಿಡಲು ಬೇಕೆಂದೇ ಸೋರಿಕೆ ಇಂಡಕ್ಟೆನ್ಸ್ ಇಟ್ಟಿರುತ್ತಾರೆ. ಅದಕ್ಕೆ ಕೆಪಾಸಿಟರ್ ಸೇರಿದರೆ 50 ಹರ್ಟ್ಸ್‌ನಲ್ಲೇ ರೆಸೊನೆನ್ಸ್ ಆಗಬಹುದು. 15 ಕಿಲೋವೋಲ್ಟ್, 30 ಮಿಲಿಆಂಪಿಗೆ ಆ ಅಪಾಯದ ಬೆಲೆ 6.4 ನ್ಯಾನೋಫ್ಯಾರಡ್. ಗ್ಯಾಪ್ ಹೊತ್ತದೇ ಹೋದರೆ ಕರೆಂಟಿನ ಪ್ರತಿ ಅರ್ಧ ಏರಿಳಿತಕ್ಕೂ ವೋಲ್ಟೇಜ್ ಮೇಲೇರುತ್ತಲೇ ಹೋಗುತ್ತದೆ. 21 ಅಲ್ಲ, 40 ದಾಟಿದರೂ ಆಶ್ಚರ್ಯವಿಲ್ಲ.

ನಿಂತ ಗ್ಯಾಪಿಗೆ ಇಲ್ಲೊಂದು ಒಳ್ಳೆಯ ಗುಣ ಇದೆ. ವೋಲ್ಟೇಜ್ ಮಿತಿ ದಾಟಿದರೆ ಅದು ಹೊತ್ತಿಯೇ ತೀರುತ್ತದೆ. ತನ್ನ ಕಾವಲು ತಾನೇ. ತಿರುಗುವ ಗ್ಯಾಪ್ ಹಾಗಲ್ಲ. ಬೋಲ್ಟುಗಳು ಎದುರಾಗದ ಹೊತ್ತಿನಲ್ಲಿ ವೋಲ್ಟೇಜ್ ಎಷ್ಟೇ ಏರಿದರೂ ತಡೆಯುವವರಿಲ್ಲ. ಡ್ರಿಲ್ ಮೋಟಾರಿನ ವೇಗಕ್ಕೂ ಕರೆಂಟಿನ 50 ಹರ್ಟ್ಸ್‌ಗೂ ಸಂಬಂಧವೇ ಇರುವುದಿಲ್ಲ. ಯಾವತ್ತೋ ಒಂದು ಸಲ ತಾಳ ತಪ್ಪುತ್ತದೆ.

ರೋಟರಿ ಬೇಕೇ ಬೇಕು ಅಂದರೆ ಸಿಂಕ್ರೊನಸ್ ಮೋಟಾರ್ ಬಳಸಿ, ಅಂದರೆ ಕರೆಂಟಿನ ತಾಳಕ್ಕೇ ಸರಿಯಾಗಿ ತಿರುಗುವ ಮೋಟಾರ್. 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 3000 ಸುತ್ತು, ಸುತ್ತಿಗೆ ಎರಡು ಏಟು: ಸೆಕೆಂಡಿಗೆ ಸರಿಯಾಗಿ 100. 1500 ಸುತ್ತಿನ ಮೋಟಾರಾದರೆ ಸುತ್ತಿಗೆ ನಾಲ್ಕು ಏಟು. ಪ್ರತಿ ಏಟೂ ವೋಲ್ಟೇಜಿನ ತುದಿಯ ಹತ್ತಿರ ಬೀಳುವ ಹಾಗೆ ಮೋಟಾರಿನ ಕೋನ ಹೊಂದಿಸಬೇಕು. ಆಗ ಕೆಪಾಸಿಟರ್ ಕೂಡ ರೆಸೊನೆನ್ಸ್ ಬೆಲೆಯ ಎರಡೂವರೆಯಿಂದ ಮೂರು ಪಟ್ಟು ಇರಬೇಕು. ಜೊತೆಗೆ ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿ ಪ್ರತ್ಯೇಕ ಸೇಫ್ಟಿ ಗ್ಯಾಪ್. ಇದು ಮೊದಲ ಕಾಯಿಲ್ ಮಾಡುವವರ ಕೆಲಸ ಅಲ್ಲ.

ಇನ್ನೊಂದು ಮಾತು. 20 ಸೆಂಟಿಮೀಟರ್ ಅಗಲದ ತಟ್ಟೆ 3000 ಸುತ್ತಿನಲ್ಲಿ ತಿರುಗಿದರೆ ಅಂಚಿನ ಬೋಲ್ಟ್ ಗಂಟೆಗೆ 110 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಒಂದು ಸಡಿಲವಾದರೆ ಅದು ಗುಂಡೇ.

ಗುಡುಗುಪ್ರಿಯ

ಒಪ್ಪಿದೆ. ನನ್ನದು ದೊಡ್ಡ ಟ್ರಾನ್ಸ್‌ಫಾರ್ಮರ್, ಹೊರಗೆ ಬೇರೆ ಚೋಕ್ ಹಾಕಿ ಓಡಿಸುತ್ತೇನೆ. ಅಲ್ಲಿ ಅಸಿಂಕ್ರೊನಸ್ ನಡೆಯುತ್ತದೆ. ನಿಯಾನ್ ಟ್ರಾನ್ಸ್‌ಫಾರ್ಮರ್ ಅನ್ನುವುದನ್ನು ಗಮನಿಸದೆ ಬರೆದೆ.

ಓಮ್‌ಶಾಂತಿ

ತಾಮ್ರತಂತಿ, ನಿಮ್ಮ ವೈರಿಂಗ್ ಹೇಗಿದೆ? ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳ ನಡುವೆ ನೇರವಾಗಿ ಇರುವುದು ಗ್ಯಾಪೋ, ಕೆಪಾಸಿಟರೋ?

ತಾಮ್ರತಂತಿ

ಕೆಪಾಸಿಟರ್. ಗ್ಯಾಪ್ ಪ್ರೈಮರಿಯ ಜೊತೆ ಸರಣಿಯಲ್ಲಿದೆ. ಎರಡೂ ಒಂದೇ ಅಲ್ವಾ? ಕಿಡಿ ಹೊತ್ತಿದಾಗ ಹೇಗಿದ್ದರೂ ಅದೇ ಸುತ್ತು ಮುಚ್ಚಿಕೊಳ್ಳುತ್ತದೆ.

ಓಮ್‌ಶಾಂತಿ

ಕಾಯಿಲ್ ದೃಷ್ಟಿಯಿಂದ ಒಂದೇ. ಟ್ರಾನ್ಸ್‌ಫಾರ್ಮರ್ ದೃಷ್ಟಿಯಿಂದ ಅಲ್ಲ. ನಿಮ್ಮ ಜೋಡಣೆಯಲ್ಲಿ ಕೆಪಾಸಿಟರಿನ ಮೇಲಿನ 200 ಕಿಲೋಹರ್ಟ್ಸ್ ಏರಿಳಿತ ಪೂರ್ತಿಯಾಗಿ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಮೇಲೆ ಬೀಳುತ್ತದೆ. ಅದು 50 ಹರ್ಟ್ಸ್‌ಗೆ ಹುಟ್ಟಿದ ಪ್ರಾಣಿ. ತುದಿಯ ಕೆಲವೇ ಸುತ್ತುಗಳ ನಡುವೆ ಎಲ್ಲ ಒತ್ತಡ ಸೇರಿ ಇನ್ಸುಲೇಷನ್ ತೂತಾಗುತ್ತದೆ. ಗ್ಯಾಪನ್ನು ಟ್ರಾನ್ಸ್‌ಫಾರ್ಮರಿಗೆ ಅಡ್ಡ ಹಾಕಿ, ಕೆಪಾಸಿಟರನ್ನು ಪ್ರೈಮರಿ ಜೊತೆ ಸರಣಿಗೆ ತನ್ನಿ. ಆಗ ಗ್ಯಾಪ್ ಉರಿಯುವಷ್ಟು ಹೊತ್ತೂ ಟ್ರಾನ್ಸ್‌ಫಾರ್ಮರಿಗೆ ಕಾಣುವುದು ಕಿಡಿಯ ಸಣ್ಣ ವೋಲ್ಟೇಜ್ ಮಾತ್ರ. ಈ ಬದಲಾವಣೆ ಇವತ್ತೇ ಮಾಡಿ.

ಮಾಡುವ ಮೊದಲು ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಕೆಪಾಸಿಟರನ್ನು ಖಾಲಿ ಮಾಡುವ ನಿಮ್ಮ 10 ಮೆಗಾಓಮ್ ಬ್ಲೀಡರ್ ರೆಸಿಸ್ಟರಿನ ಲೆಕ್ಕದಲ್ಲಿ ಟೈಮ್ ಕಾನ್‌ಸ್ಟಂಟ್ (ವೋಲ್ಟೇಜ್ ಸುಮಾರು ಮೂರನೇ ಒಂದಕ್ಕೆ ಇಳಿಯುವ ಹೊತ್ತು) ಒಂದೂವರೆ ಸೆಕೆಂಡ್. ಎಂಟು ಸೆಕೆಂಡಿನಲ್ಲಿ ಬಹುಪಾಲು ಖಾಲಿ. ಆದರೂ ಒಂದು ರೆಸಿಸ್ಟರ್ ಬಿಟ್ಟುಹೋಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಉದ್ದ ಇನ್ಸುಲೇಟೆಡ್ ಕೋಲಿನ ತುದಿಗೆ ತಂತಿ ಕಟ್ಟಿ ಕೆಪಾಸಿಟರನ್ನು ಶಾರ್ಟ್ ಮಾಡಿ, ಆಮೇಲೆ ಕೈ ಹಾಕಿ. ಮೇಲಿನ ಕಿಡಿ ಮುಟ್ಟಿದರೂ ಏನೂ ಆಗುವುದಿಲ್ಲ, ಸ್ಕಿನ್ ಎಫೆಕ್ಟ್ ಕಾಪಾಡುತ್ತದೆ, ಅಂದರೆ ಇಂಥ ಕರೆಂಟ್ ಚರ್ಮದ ಮೇಲೆ ಮಾತ್ರ ಹರಿದುಹೋಗುತ್ತದೆ, ಎಂದು ಹೇಳುವವರು ಸಿಗುತ್ತಾರೆ. ನಂಬಬೇಡಿ. ಪ್ರೈಮರಿ ಕಡೆ ಒಂದು ಸಲ ಕೈ ತಾಗಿದರೆ ಎರಡನೇ ಸಲ ಇರುವುದಿಲ್ಲ.

ಅರೆವಾಹಕ

ಮಧ್ಯೆ ಬಾಯಿ ಹಾಕುತ್ತೇನೆ, ಬೈಯಬೇಡಿ. ಈ ಕಾಲದಲ್ಲೂ ಎರಡು ಬೋಲ್ಟ್ ಯಾಕೆ? ಐಜಿಬಿಟಿ (ದೊಡ್ಡ ಕರೆಂಟ್ ತಾಳುವ ಅರೆವಾಹಕ ಸ್ವಿಚ್) ಇದೆಯಲ್ಲ. ಬೇಕಾದಾಗ ಆನ್, ಬೇಕಾದಾಗ ಆಫ್.

ಹಳೆರೇಡಿಯೋ

ಬೈಯುವುದಿಲ್ಲ! ಆದರೆ ಒಂದೇ ಸಾಧನ 21 ಕಿಲೋವೋಲ್ಟ್ ತಡೆದು, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ 260 ಆಂಪ್ ಬಿಡಬೇಕು. ಅರೆವಾಹಕದಲ್ಲಿ ಅದನ್ನು ಮಾಡಲು ಹೊರಟರೆ ಸಾಲುಸಾಲು ಐಜಿಬಿಟಿ ಬೇಕು, ಎಲ್ಲವೂ ಒಟ್ಟಿಗೆ ಆನ್ ಆಗಬೇಕು. ನಿಮ್ಮ ಬಳಗದವರು ಮಾಡುವ ಕಾಯಿಲ್‌ಗಳು ಬೇರೆ ದಾರಿ ಹಿಡಿಯುತ್ತವೆ: ಕೆಲವು ನೂರು ವೋಲ್ಟಿನ ಡಿಸಿ ಇಟ್ಟುಕೊಂಡು ಪ್ರೈಮರಿಯನ್ನು ಪ್ರತಿ ಏರಿಳಿತಕ್ಕೂ ತಳ್ಳುತ್ತಾ ಹೋಗುತ್ತೀರಿ. ಅದು ಜಾಣತನ. ಆದರೆ ಬೇರೆಯದೇ ಯಂತ್ರ. ನಮ್ಮದು ಒಂದು ಸಲ ತುಂಬಿ ಒಂದೇ ಸಲ ಸುರಿಯುವ ಕೊಡ.

ಅರೆವಾಹಕ

ಕೊಡ ಅಂದದ್ದು ಇಷ್ಟವಾಯಿತು. ಹಾಗಾದರೆ ಒಮ್ಮೆ ಸುರಿದ ಮೇಲೆ ಗ್ಯಾಪ್ ಯಾವಾಗ ಆರಿದರೆ ಏನು? ನೀರು ಖಾಲಿಯಾಯಿತಲ್ಲ.

ಹಳೆರೇಡಿಯೋ

ಆಗುವುದಿಲ್ಲ. ಇಡೀ ಮಜಾ ಇರುವುದೇ ಅಲ್ಲಿ.

ಅಡ್ಡಲಾಗಿ ಒಂದು ಹಗ್ಗ ಕಟ್ಟಿ. ಅದಕ್ಕೆ ಒಂದೇ ಉದ್ದದ ಎರಡು ದಾರದಲ್ಲಿ ಎರಡು ಗುಂಡು ತೂಗುಬಿಡಿ. ಒಂದನ್ನು ತೂಗಿ ಬಿಡಿ, ಇನ್ನೊಂದು ಸುಮ್ಮನಿರಲಿ. ಸ್ವಲ್ಪ ಹೊತ್ತಿಗೆ ಮೊದಲನೆಯದು ನಿಧಾನವಾಗುತ್ತಾ ಎರಡನೆಯದು ತೂಗಲು ಶುರುವಾಗುತ್ತದೆ. ಒಂದು ಕ್ಷಣ ಮೊದಲನೆಯದು ಪೂರ್ತಿ ನಿಂತುಬಿಡುತ್ತದೆ. ಆಮೇಲೆ? ಎರಡನೆಯದರಿಂದ ಶಕ್ತಿ ವಾಪಸ್ ಬರಲು ಶುರು.

ಪ್ರೈಮರಿ, ಸೆಕೆಂಡರಿ ಕೂಡ ಹಾಗೇ. ಕಪ್ಲಿಂಗ್ (ಎರಡು ಸುರುಳಿಗಳ ನಡುವಿನ ಹಿಡಿತ) 0.12 ಅಂದರೆ ಸುಮಾರು ನಾಲ್ಕು ಏರಿಳಿತದಲ್ಲಿ, ಅಂದರೆ 200 ಕಿಲೋಹರ್ಟ್ಸ್‌ನಲ್ಲಿ 20 ಮೈಕ್ರೋಸೆಕೆಂಡಿನಲ್ಲಿ, ಶಕ್ತಿಯೆಲ್ಲ ಸೆಕೆಂಡರಿಗೆ ಹೋಗಿರುತ್ತದೆ. ಆ ಕ್ಷಣ ಪ್ರೈಮರಿ ಕರೆಂಟ್ ಸೊನ್ನೆಯ ಹತ್ತಿರ. ಇದನ್ನು ನಾವು ಮೊದಲ ತಗ್ಗು ಅನ್ನುತ್ತೇವೆ. ಗ್ಯಾಪ್ ಅಲ್ಲೇ ಆರಿದರೆ ಪ್ರೈಮರಿ ಕತ್ತರಿಸಿಹೋಯಿತು. ಶಕ್ತಿಗೆ ವಾಪಸ್ ಬರಲು ದಾರಿಯಿಲ್ಲ. ಮೇಲೆ ಕಿಡಿಯಾಗಿಯೇ ಹೋಗಬೇಕು. ಆರದಿದ್ದರೆ ಅದು ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ಪ್ರತಿ ಓಡಾಟದಲ್ಲೂ ಗ್ಯಾಪ್ ತನ್ನ ಪಾಲು ತಿನ್ನುತ್ತದೆ. ಆ ಪಾಲೇ ಬೋಲ್ಟನ್ನು ಕಾಯಿಸುವುದು. ಕಾದಷ್ಟೂ ಆರುವುದು ಕಷ್ಟ, ಆರದಷ್ಟೂ ಕಾಯುತ್ತದೆ. ತಾಮ್ರತಂತಿಯವರ ಹತ್ತು ಸೆಕೆಂಡಿನ ಕಥೆ ಇಷ್ಟೇ.

ಓಮ್‌ಶಾಂತಿ

ಇಲ್ಲಿ ನನ್ನದು ಸಣ್ಣ ತಕರಾರು. ಮೊದಲ ತಗ್ಗಿನಲ್ಲೇ ಆರಬೇಕು ಅನ್ನುವುದನ್ನು ಜನ ವ್ರತದ ಹಾಗೆ ಹಿಡಿದಿದ್ದಾರೆ. ನನ್ನ ಕಾಯಿಲಿನಲ್ಲಿ ಆಸಿಲೋಸ್ಕೋಪ್ ಇಟ್ಟು ನೋಡಿದ್ದೇನೆ. ನೇರ ಜೋಡಿಸಿಲ್ಲ, ಗಾಬರಿಯಾಗಬೇಡಿ. ದೂರದಲ್ಲಿ ಪ್ರೋಬಿಗೆ ಒಂದು ತುಂಡು ತಂತಿ ಸಿಕ್ಕಿಸಿದರೆ ಸಾಕು, ಅಲೆ ಚೆನ್ನಾಗಿ ಕಾಣುತ್ತದೆ. ಹೆಚ್ಚಿನ ಏಟುಗಳು ಎರಡನೇ ಅಥವಾ ಮೂರನೇ ತಗ್ಗಿನಲ್ಲಿ ಆರುತ್ತವೆ. ಆದರೂ ಕಿಡಿಯ ಉದ್ದಕ್ಕೆ ಏನೂ ಮೋಸವಿಲ್ಲ. ಮೊದಲ ಸಲ ಮೇಲೆ ಹೋದಾಗಲೇ ಸ್ಟ್ರೀಮರ್ (ಮೇಲಿನ ಕಿಡಿ) ಬಹುಪಾಲು ಶಕ್ತಿ ಎಳೆದುಕೊಂಡಿರುತ್ತದೆ.

ಅದೇ ಕಾರಣಕ್ಕೆ ಮೇಲೆ ಕಿಡಿಯೇ ಹೊರಡದಿದ್ದರೆ ಗ್ಯಾಪನ್ನು ಆರಿಸುವುದು ತುಂಬ ಕಷ್ಟ. ಶಕ್ತಿಗೆ ಹೋಗಲು ಬೇರೆ ಜಾಗವಿಲ್ಲವಲ್ಲ. ಮೇಲಿನ ಕಿಡಿ ಚೆನ್ನಾಗಿದ್ದರೆ ಗ್ಯಾಪಿನ ಕೆಲಸ ತಾನಾಗಿ ಹಗುರ. ಗ್ಯಾಪನ್ನು ಮಾತ್ರ ಬೈದು ಟ್ಯೂನಿಂಗ್ ಮರೆಯಬೇಡಿ.

ಹಳೆರೇಡಿಯೋ

ಸರಿಯಾದ ತಕರಾರು. ಮೂರನೇ ತಗ್ಗಾದರೂ ಪರವಾಗಿಲ್ಲ, ಆರಲಿ. ಇವರದ್ದು ಹತ್ತನೆಯದಕ್ಕೂ ಆರುತ್ತಿಲ್ಲ ಅನ್ನುವುದು ನನ್ನ ಊಹೆ.

ಸುರುಳಿಗಾರ

ಮದ್ದು ಹೇಳೋಣ. ಎರಡು ಬೋಲ್ಟ್ ಎಸೆಯಿರಿ. ಬೆರಳಿಗಿಂತ ದಪ್ಪದ ತಾಮ್ರದ ಕೊಳವೆ, ಅಂಗೈ ಉದ್ದದ 7 ತುಂಡು. ಒಂದರ ಪಕ್ಕ ಒಂದು ಸಮಾನಾಂತರವಾಗಿ ನಿಲ್ಲಿಸಿ. 7 ಕೊಳವೆಗೆ 6 ಗ್ಯಾಪ್. ಒಂದೊಂದೂ 0.75 ಮಿಲಿಮೀಟರ್. ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಅಳೆಯಿರಿ, ಕಣ್ಣಳತೆ ಬೇಡ.

ಯಾಕೆ ಇದು ಕೆಲಸ ಮಾಡುತ್ತದೆ? ಒಂದು, ಬಿಸಿ ಆರು ಕಡೆ ಹಂಚಿಹೋಗುತ್ತದೆ. ಕಿಡಿ ಕೊಳವೆಯ ಉದ್ದಕ್ಕೂ ಜಾಗ ಬದಲಿಸುತ್ತದೆ, ಒಂದೇ ಚುಕ್ಕೆಯಲ್ಲಿ ಕೂರುವುದಿಲ್ಲ. ಎರಡು, ಸಣ್ಣ ಸಂದಿಯಲ್ಲಿ ಅಯಾನುಗಳಿಗೆ ತಣ್ಣನೆಯ ಲೋಹ ತುಂಬ ಹತ್ತಿರ. ಬೇಗ ತಾಗಿ ಸಾಯುತ್ತವೆ. ಇದು ಹೊಸ ಉಪಾಯವಲ್ಲ. 1906ರಲ್ಲಿ ಮ್ಯಾಕ್ಸ್ ವೀನ್ ರೇಡಿಯೋ ಟ್ರಾನ್ಸ್‌ಮಿಟರಿಗಾಗಿ ತೋರಿಸಿದ ಕ್ವೆಂಚ್ಡ್ ಗ್ಯಾಪ್ ಇದೇ ತತ್ವ. ಆ ಬಗೆಯ ಗ್ಯಾಪುಗಳಲ್ಲಿ ಅಗಲ ಲೋಹದ ಬಿಲ್ಲೆಗಳ ನಡುವೆ ಮೈಕಾ ಉಂಗುರ ಇಟ್ಟು 0.2 ಮಿಲಿಮೀಟರಿನಷ್ಟು ಸಂದಿ ಬಿಡುತ್ತಿದ್ದರು.

ಕೊನೆಗೆ ಗಾಳಿ. ಸುಮ್ಮನೆ ಬೀಸುವ ಫ್ಯಾನ್ ಸಾಲದು, ಸಂದಿಯ ಒಳಗೆ ನುಗ್ಗುವ ಗಾಳಿ ಬೇಕು. ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮೋಟಾರ್ ಇದಕ್ಕೆ ಹೇಳಿ ಮಾಡಿಸಿದ್ದು. ಕೊಳವೆಗಳನ್ನು ಡಬ್ಬದೊಳಗೆ ಸುತ್ತಲೂ ಜೋಡಿಸಿ, ಒಂದು ತುದಿಯಿಂದ ಗಾಳಿ ಎಳೆಸಿದರೆ ಎಲ್ಲ ಸಂದಿಯಿಂದಲೂ ತಣ್ಣನೆ ಗಾಳಿ ಒಳಗೆ ಬರುತ್ತದೆ.

ತಾಮ್ರತಂತಿ

ಒಂದು ಸಂದೇಹ. ಗಾಳಿ ಒಂದು ಮಿಲಿಮೀಟರಿಗೆ 3 ಕಿಲೋವೋಲ್ಟ್ ತಡೆಯುತ್ತದೆ ಎಂದು ಓದಿದ್ದೆ. ಆರು ಗ್ಯಾಪ್ ಸೇರಿದರೆ ಬರೀ 4.5 ಮಿಲಿಮೀಟರ್. 13.5 ಕಿಲೋವೋಲ್ಟಿಗೇ ಹೊತ್ತಿಬಿಡುವುದಿಲ್ಲವೇ?

ಸುರುಳಿಗಾರ

ಆ 3 ಕಿಲೋವೋಲ್ಟ್ ಲೆಕ್ಕ ಸೆಂಟಿಮೀಟರ್ ಮಟ್ಟದ ಸಂದಿಗೆ, ಅದೂ ನಯವಾದ ಮೇಲ್ಮೈಗೆ. ಸಂದಿ ಚಿಕ್ಕದಾದಷ್ಟೂ ಪ್ರತಿ ಮಿಲಿಮೀಟರಿಗೆ ಗಾಳಿ ಹೆಚ್ಚು ತಡೆಯುತ್ತದೆ. 1889ರಲ್ಲಿ ಪಾಶೆನ್ ಬರೆದ ನಿಯಮದಿಂದ ಬರುವುದು ಇದೇ. ಇಲೆಕ್ಟ್ರಾನಿಗೆ ಓಡಿ ಡಿಕ್ಕಿ ಹೊಡೆಯಲು ಜಾಗ ಕಡಿಮೆ. 0.75 ಮಿಲಿಮೀಟರಿಗೆ ಸುಮಾರು 3.6 ಕಿಲೋವೋಲ್ಟ್ ಬೇಕು. ಆರು ಸೇರಿದರೆ 21ರ ಮೇಲೆ. ಒಂದೇ ಗ್ಯಾಪಿನಲ್ಲಿ ಅಷ್ಟು ತಡೆಯಲು ಆರೂವರೆ ಮಿಲಿಮೀಟರ್ ಬೇಕಾಗುತ್ತಿತ್ತು.

ಆದರೆ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಬೇಗ ಹೊತ್ತುತ್ತದೆ. ಕೊಳವೆಗಳ ಸುತ್ತ ತಾನಾಗಿ ಹುಟ್ಟುವ ಸ್ಟ್ರೇ ಕೆಪಾಸಿಟೆನ್ಸಿನಿಂದ ವೋಲ್ಟೇಜ್ ಆರು ಸಂದಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಹೆಚ್ಚು ಪಾಲು ಬಿದ್ದದ್ದು ಮೊದಲು ಒಡೆಯುತ್ತದೆ, ಉಳಿದವು ಹಿಂದೆಯೇ. ಮೊದಲ ಕಿಡಿಯ ಅಲ್ಟ್ರಾವಯಲೆಟ್ ಬೆಳಕು ಪಕ್ಕದ ಸಂದಿಗೆ ಬಿದ್ದು ಅದನ್ನೂ ಬೇಗ ಎಬ್ಬಿಸುತ್ತದೆ. 1887ರಲ್ಲಿ ಹರ್ಟ್ಸ್ ಗಮನಿಸಿದ್ದು ಇದನ್ನೇ: ಒಂದು ಕಿಡಿಯ ಬೆಳಕು ಬಿದ್ದಾಗ ಇನ್ನೊಂದು ಕಿಡಿ ಹೆಚ್ಚು ದೂರ ಹಾರುತ್ತಿತ್ತು. ಫೋಟೋಎಲೆಕ್ಟ್ರಿಕ್ ಪರಿಣಾಮದ ಮೊದಲ ಸುಳಿವು ಸಿಕ್ಕಿದ್ದು ಒಂದು ಸ್ಪಾರ್ಕ್ ಗ್ಯಾಪಿನಲ್ಲಿ! ನಮ್ಮ ಹುಚ್ಚಿಗೂ ಒಂದು ಘನತೆ ಇದೆ ನೋಡಿ.

ಎಷ್ಟು ಗ್ಯಾಪ್ ಬಳಸಬೇಕು ಅನ್ನುವುದನ್ನು ಹೀಗೆ ಹೊಂದಿಸಿ. ಕೆಪಾಸಿಟರ್, ಪ್ರೈಮರಿ ಎರಡನ್ನೂ ಬಿಚ್ಚಿಡಿ. ಟ್ರಾನ್ಸ್‌ಫಾರ್ಮರಿಗೆ ಬರೀ ಗ್ಯಾಪ್ ಕಟ್ಟಿ ಆನ್ ಮಾಡಿ. ಹೊತ್ತಿದರೆ ಆಫ್ ಮಾಡಿ ಒಂದು ಸಂದಿ ಸೇರಿಸಿ. ಹೊತ್ತದ ಹಂತ ಬಂದಾಗ ಒಂದು ಹೆಜ್ಜೆ ಹಿಂದೆ ಬನ್ನಿ. ಕಿಡಿ ಇನ್ನೂ ಉದ್ದ ಬರಲಿ ಎಂದು ಅದಕ್ಕಿಂತ ಅಗಲ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಟ್ರಾನ್ಸ್‌ಫಾರ್ಮರುಗಳು ಸಾಯುವುದು ಆ ಆಸೆಯಿಂದಲೇ.

ಸುಮ್ನೆಓದುಗ

ಬೋಲ್ಟಿನ ಬದಲು ಟಂಗ್‌ಸ್ಟನ್ ಹಾಕಿದರೆ ಕರಗುವುದೇ ಇಲ್ಲವಲ್ಲ?

ಸುರುಳಿಗಾರ

3400 ಡಿಗ್ರಿವರೆಗೆ ಕರಗುವುದಿಲ್ಲ, ನಿಜ. ಸವೆತವೂ ಕಡಿಮೆ. ರೋಟರಿಗೆ ಅದೇ ಒಳ್ಳೆಯದು. ಆದರೆ ನಿಂತ ಗ್ಯಾಪಿನಲ್ಲಿ ನಮಗೆ ಬೇಕಾದದ್ದು ಬಿಸಿ ತಾಳುವ ಲೋಹವಲ್ಲ, ಬಿಸಿ ಸಾಗಿಸುವ ಲೋಹ. ಅದರಲ್ಲಿ ತಾಮ್ರ ಟಂಗ್‌ಸ್ಟನ್‌ಗಿಂತ ಮುಂದೆ. ವೆಲ್ಡಿಂಗ್ ರಾಡ್ ತಂದರೆ ಥೋರಿಯಂ ಬೆರೆಸಿದ್ದು ಬೇಡ. ಅದು ಸ್ವಲ್ಪ ವಿಕಿರಣ ಸೂಸುತ್ತದೆ, ಉಜ್ಜಿದ ಪುಡಿ ಉಸಿರಿಗೆ ಹೋಗಬಾರದು.

ತಾಮ್ರತಂತಿ

ಎರಡು ವಾರದ ಮೇಲೆ ವರದಿ. ವೈರಿಂಗ್ ಬದಲಿಸಿದೆ. 7 ಕೊಳವೆ, ವ್ಯಾಕ್ಯೂಮ್ ಮೋಟಾರ್, ಎಲ್ಲ ಆಯಿತು. ಬರೀ ಟ್ರಾನ್ಸ್‌ಫಾರ್ಮರ್ ಇಟ್ಟು ನೋಡಿದಾಗ ಆರೂ ಗ್ಯಾಪ್ ಹೊತ್ತಿದವು. ಕೊಳವೆ ಇನ್ನಿಲ್ಲ, ಆದ್ದರಿಂದ ಆರನ್ನೇ ಉಳಿಸಿಕೊಂಡೆ. ಸದ್ದು ಕೇಳಿ ನಾನೇ ಬೆಚ್ಚಿದೆ. ಮೊದಲಿನ ಚಟಚಟ ಇದರ ಮುಂದೆ ಏನೂ ಅಲ್ಲ. 55 ಸೆಂಟಿಮೀಟರ್ ಕಿಡಿ. ಒಂದು ನಿಮಿಷ ಓಡಿಸಿದರೂ ಇಳಿಯಲಿಲ್ಲ. ಆಫ್ ಮಾಡಿ, ಶಾರ್ಟ್ ಮಾಡಿ, ಕೊಳವೆ ಮುಟ್ಟಿದರೆ ಬೆಚ್ಚಗೆ ಮಾತ್ರ.

ಹೊಸ ಸಮಸ್ಯೆ: ಸೆಕೆಂಡರಿಯ ಮೈಮೇಲೆ, ಕೆಳಗಿನ ಮೂರನೇ ಒಂದು ಭಾಗದಲ್ಲಿ, ಸಣ್ಣ ಸಣ್ಣ ಕಿಡಿ ಓಡಾಡುತ್ತಿವೆ. ಮೊದಲು ಇರಲಿಲ್ಲ.

ಓಮ್‌ಶಾಂತಿ

ಶುಭಾಶಯ, ಅದು ಬಡ್ತಿ ಸಿಕ್ಕವರ ಸಮಸ್ಯೆ. ಮೊದಲು ಏಟಿನಲ್ಲಿ ಬಲವಿರಲಿಲ್ಲ, ಹಾಗಾಗಿ ಕಾಣಲಿಲ್ಲ. ಕಪ್ಲಿಂಗ್ ಜಾಸ್ತಿ ಇದೆ. ಸೆಕೆಂಡರಿಯನ್ನು ಎರಡು ಮೂರು ಸೆಂಟಿಮೀಟರ್ ಮೇಲೆತ್ತಿ. ಶಕ್ತಿ ಸ್ವಲ್ಪ ನಿಧಾನವಾಗಿ ಮೇಲೆ ಹೋಗುತ್ತದೆ, ತಗ್ಗುಗಳ ನಡುವೆ ಅಂತರ ಹೆಚ್ಚುತ್ತದೆ. ಗ್ಯಾಪಿಗೂ ಆರಲು ಬಿಡುವು ಸಿಗುತ್ತದೆ. ಆಮೇಲೆ ಪ್ರೈಮರಿಯ ಟ್ಯಾಪನ್ನು (ಸುರುಳಿಗೆ ತಂತಿ ಕಚ್ಚಿಸಿದ ಜಾಗ) ಕಾಲು ಕಾಲು ಸುತ್ತು ಹೊರಗೆ ಸರಿಸಿ ನೋಡಿ. ಕಿಡಿ ಹೊರಟಾಗ ಅದೇ ಒಂದಿಷ್ಟು ಕೆಪಾಸಿಟೆನ್ಸ್ ಸೇರಿಸಿ ಸೆಕೆಂಡರಿಯ ಫ್ರೀಕ್ವೆನ್ಸಿಯನ್ನು ಕೆಳಗೆಳೆಯುತ್ತದೆ.

ಗ್ಯಾಪಿನ ಡಬ್ಬ ಪಾರದರ್ಶಕವಾಗಿದ್ದರೆ ಮುಚ್ಚಿ. ಆ ಬೆಳಕು ವೆಲ್ಡಿಂಗ್ ಬೆಳಕಿನ ತಮ್ಮ. ಕಿಟಕಿ ತೆರೆದಿಡಿ, ಓಝೋನ್ ಜೊತೆ ನೈಟ್ರೋಜನ್ ಆಕ್ಸೈಡ್ ಕೂಡ ಹುಟ್ಟುತ್ತದೆ. ಕಿವಿಗೆ ರಕ್ಷಣೆ ಇರಲಿ.

ತಾಮ್ರತಂತಿ

3 ಸೆಂಟಿಮೀಟರ್ ಎತ್ತಿದೆ. ಓಡಾಟ ನಿಂತಿತು. ಟ್ಯಾಪ್ ಅರ್ಧ ಸುತ್ತು ಹೊರಗೆ ಹೋದಾಗ ಕಿಡಿ 70 ಸೆಂಟಿಮೀಟರ್ ಮುಟ್ಟಿತು. ವ್ಯಾಟಿನ ವರ್ಗಮೂಲಕ್ಕೆ 1.7 ಗುಣಿಸಿದರೆ ಇಂಚಿನಲ್ಲಿ ಕಿಡಿಯ ಉದ್ದ ಎಂದು ಒಂದು ಅಂದಾಜು ಇದೆಯಲ್ಲ? 450 ವ್ಯಾಟಿಗೆ 36 ಇಂಚು, ಅಂದರೆ 91 ಸೆಂಟಿಮೀಟರ್. ಇನ್ನೂ 20 ಬಾಕಿ ಇದೆ. ಎಲ್ಲಿ ಹೋಯಿತು?

ಹಳೆರೇಡಿಯೋ

ಆ ಅಂದಾಜು ಎಲ್ಲವೂ ಚೆನ್ನಾಗಿ ಕೂಡಿಬಂದ ಕಾಯಿಲಿನದು. ನಿಮ್ಮ 20ರಲ್ಲಿ ಸ್ವಲ್ಪ ಗ್ಯಾಪಿನಲ್ಲೇ ಇದೆ. ಕಿಡಿ ಸಾಮಾನ್ಯ ರೆಸಿಸ್ಟರಿನ ಹಾಗಲ್ಲ, ಕರೆಂಟ್ ಏರಿದರೂ ಇಳಿದರೂ ಅದರ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ. ಆರು ಗ್ಯಾಪ್ ಅಂದರೆ ಆರು ಸಲ ಆ ಸುಂಕ ಕಟ್ಟಬೇಕು. ಒಂದು ಕೊಳವೆಯನ್ನು ಕ್ಲಿಪ್ ಹಾಕಿ ದಾಟಿಸಿ ಐದರಲ್ಲಿ ಓಡಿಸಿ ನೋಡಿ. ಏಟಿನ ಬಲ ಕುಗ್ಗುತ್ತದೆ, ಸುಂಕವೂ ಕುಗ್ಗುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದು ಕಾಯಿಲಿನಿಂದ ಕಾಯಿಲಿಗೆ ಬೇರೆ.

ತಾಮ್ರತಂತಿ

ಐದರಲ್ಲಿ 64. ಆರಕ್ಕೇ ವಾಪಸ್ ಬಂದೆ. ಸದ್ಯಕ್ಕೆ 70 ಸಾಕು. ಗುಡುಗುಪ್ರಿಯ, ಸಾಮಾನ್ಯ ಮೋಟಾರನ್ನು ಸಿಂಕ್ರೊನಸ್ ಮಾಡಲು ಅದರ ರೋಟರನ್ನು (ಒಳಗೆ ತಿರುಗುವ ಭಾಗ) ಉಜ್ಜಿ ಚಪ್ಪಟೆ ಮಾಡುವ ಕೆಲಸ ನೀವು ಮಾಡಿದ್ದರೆ ಬೇರೆ ಎಳೆಯಲ್ಲಿ ಬರೆಯಿರಿ.

ಗುಡುಗುಪ್ರಿಯ

ಬರೆಯುತ್ತೇನೆ. ಮೊದಲ ರೋಟರ್ ಹಾಳು ಮಾಡಿದ್ದನ್ನೂ ಸೇರಿಸಿ.